ಮಲೆನಾಡಿನ ಮಳೆಯಲ್ಲಿ ಬಯಲು ಸಂಗೀತೋತ್ಸವ: ಒಂದು ದಿನದ ಸಮಗ್ರ ಮಾರ್ಗದರ್ಶಿ

ಬಯಲಿನಲ್ಲಿ ಆಟ, ಹಾಡು ಯಾವ ಕಾಲಕ್ಕೆ ಎಂಬ ವಿಷಯದಲ್ಲಿ ಮಲೆನಾಡಿನ ಹಿರಿಯರು ನಮಗಿಂತ ಜಾಣರು. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯಲ್ಲಿ ಮುಗಿಯಬೇಕು ಎಂಬುದು ಅವರ ಕಟ್ಟಳೆ. ಮಳೆ ಹಿಡಿಯಿತೆಂದರೆ ಗೆಜ್ಜೆ ಬಿಚ್ಚಿಟ್ಟು, ಅದೇ ಪ್ರಸಂಗವನ್ನು ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆಯಾಗಿ ಮಾತಿನಲ್ಲೇ ಆಡುತ್ತಿದ್ದರು. ಬಯಲಿಗೆ ಬೇಸಿಗೆ, ಜಗಲಿಗೆ ಮಳೆಗಾಲ. ಈಗ ಊರ ಹೊರಗಿನ ಜನ ಬರುವುದೇ ಮಳೆ, ಮಂಜು, ಹಸಿರು ನೋಡುವುದಕ್ಕೆ. ಹಾಗಾಗಿ ಬಯಲಿನ ಸಂಗೀತವೂ ಮಳೆಯ ತಿಂಗಳುಗಳಿಗೆ ಚಾಚಿಕೊಂಡಿದೆ. ಚಾಚಿಕೊಳ್ಳಲಿ, ತಕರಾರಿಲ್ಲ. ಮಳೆ ನಡುವೆ ಕೇಳಿದ ಹಾಡಿಗೆ ಸಭಾಂಗಣದಲ್ಲಿ ಸಿಗದ ಒಂದು ಗುಂಗು ಇರುವುದು ನಿಜ. ಆದರೆ ತಯಾರಿ ಬೇಕು.

ಇಂಥ ಕಾರ್ಯಕ್ರಮಕ್ಕೆ ಹೊರಡುವವರಲ್ಲಿ ಹೆಚ್ಚಿನವರ ಚಿಂತೆ ಒಂದೇ: ನೆನೆಯದೆ ಇರುವುದು ಹೇಗೆ? ಆ ಚಿಂತೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ, ಇಲ್ಲಿ ನೆನೆಯುತ್ತೀರಿ. ನೆನೆದ ಮೇಲೂ ನಡುಗದೆ ಕೂತು ಕೊನೆಯ ಕಛೇರಿಯನ್ನು ಕೇಳಿ, ಕ್ಷೇಮವಾಗಿ ಮನೆ ಸೇರುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಹೆಜ್ಜೆ 1: ಯಾವ ಮಳೆ ಎಂದು ತಿಳಿದುಕೊಳ್ಳಿ

ಟಿಕೆಟ್ ಕೊಳ್ಳುವ ಮೊದಲು ಪಂಚಾಂಗವನ್ನೊಮ್ಮೆ ತೆರೆಯಿರಿ. ನಕ್ಷತ್ರ ನಂಬುತ್ತೀರೋ ಬಿಡುತ್ತೀರೋ, ಮಳೆಯ ಸ್ವಭಾವ ತಿಳಿಯಲು ಅದಕ್ಕಿಂತ ಸುಲಭದ ಪಟ್ಟಿ ಇಲ್ಲ. ಜೂನ್ ಕೊನೆಯ ವಾರದಿಂದ ಆರಿದ್ರಾ, ಜುಲೈನಲ್ಲಿ ಪುನರ್ವಸು ಮತ್ತು ಪುಷ್ಯ, ಆಗಸ್ಟ್ ಮೊದಲ ಎರಡು ವಾರ ಆಶ್ಲೇಷಾ. ಈ ನಾಲ್ಕರಲ್ಲಿ ಬೀಳುವುದು ಜಡಿಮಳೆ. ಗುಡುಗು ಕಡಿಮೆ, ಬಿಡುವೂ ಕಡಿಮೆ, ಜೊತೆಗೆ ಗಾಳಿ. ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗುವ ಹಸ್ತ, ಅಕ್ಟೋಬರ್‌ನ ಚಿತ್ತಾ ಮತ್ತು ಸ್ವಾತಿಯದು ಇನ್ನೊಂದು ಬಗೆ. ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತದೆ, ಮಧ್ಯಾಹ್ನ ಮೋಡ ಕಟ್ಟುತ್ತದೆ, ಕಾರ್ಯಕ್ರಮ ರಂಗೇರುವ ಸಂಜೆ ಹೊತ್ತಿಗೆ ಸರಿಯಾಗಿ ಗುಡುಗು, ಸಿಡಿಲು, ದಪ್ಪ ಹನಿಯ ಮಳೆ. ಮೊದಲನೆಯದಕ್ಕೆ ಬೇಕಾದ್ದು ಥಂಡಿಯ ತಯಾರಿ, ಎರಡನೆಯದಕ್ಕೆ ಸಿಡಿಲಿನ ತಯಾರಿ. ನನ್ನನ್ನು ಕೇಳಿದರೆ ಇವೆರಡರ ನಡುವಿನ ಮಘೆ, ಹುಬ್ಬೆಯ ದಿನಗಳೇ ಬಯಲು ಸಂಗೀತಕ್ಕೆ ವಾಸಿ. ಮಳೆ ಬರುತ್ತದೆ, ನಡುನಡುವೆ ಹೊಳವೂ ಆಗುತ್ತದೆ. ಆ ಹೊತ್ತಿಗೆ ನಾಟಿ ಮುಗಿದು ಊರಿನವರಿಗೂ ಒಂದಿಷ್ಟು ಬಿಡುವಿರುತ್ತದೆ. ಆರಿದ್ರಾ, ಪುನರ್ವಸುವಿನಲ್ಲಿ ಉತ್ಸವ ಇಟ್ಟುಕೊಂಡು ‘ಸ್ಥಳೀಯರೇ ಬರಲಿಲ್ಲ’ ಎಂದು ಬೇಸರಪಡುವ ಸಂಘಟಕರಿಗೆ ಗದ್ದೆಯ ಕಡೆ ಕೈ ತೋರಿಸಬೇಕು, ಅಷ್ಟೆ.

ಎರಡನೆಯದು ಜಾಗ. ‘ಶಿವಮೊಗ್ಗದಲ್ಲಿ ಕಾರ್ಯಕ್ರಮ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಇಲ್ಲ. ನಗರದ ಮೈದಾನದಲ್ಲಿ ನಡೆಯುವ ದಸರಾ ಕಾರ್ಯಕ್ರಮಕ್ಕೆ ಒಂದು ಕೊಡೆ ಸಾಕಾಗಬಹುದು. ಹೊಸನಗರ, ತೀರ್ಥಹಳ್ಳಿ, ಸಾಗರದ ಪಶ್ಚಿಮದ ಹೋಬಳಿಗಳಲ್ಲಿ ಅದೇ ಕೊಡೆ ಗಾಳಿಗೆ ಮಗುಚಿ ಬರಿ ಕಡ್ಡಿಯಾಗುತ್ತದೆ.

ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ‘ಭಾರಿ’, 204.4ರವರೆಗೆ ‘ಅತಿ ಭಾರಿ’, ಅದರಾಚೆಗೆ ‘ಅತ್ಯಂತ ಭಾರಿ’ ಎಂಬುದು ಇಲಾಖೆಯ ಲೆಕ್ಕ. ಹಳದಿ ಎಚ್ಚರಿಕೆಗೆ ಮಲೆನಾಡಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನೀವೂ ಕೆಡಿಸಿಕೊಳ್ಳಬೇಡಿ. ಕಿತ್ತಳೆ ಇದ್ದರೆ ದಾರಿಯನ್ನೂ ವಾಪಸು ಬರುವ ಹೊತ್ತನ್ನೂ ಇನ್ನೊಮ್ಮೆ ಯೋಚಿಸಿ. ಕೆಂಪು ಬಂದರೆ ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ಹೊರಡಬೇಡಿ. ಹೋಬಳಿ ಮಟ್ಟದ ಮುನ್ಸೂಚನೆ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಇದೆ. ರೈತರಿಗಾಗಿ ಮಾಡಿದ್ದು, ರಸಿಕರು ಕೇಳಿದರೂ ಹೇಳುತ್ತಾರೆ.

ಹೆಜ್ಜೆ 2: ವಾಪಸಾಗುವ ದಾರಿಯನ್ನು ಮೊದಲು ಗೊತ್ತುಮಾಡಿ

ಬೆಂಗಳೂರಿನಿಂದ ರೈಲು ಶಿವಮೊಗ್ಗಕ್ಕೂ, ಅಲ್ಲಿಂದ ಸಾಗರ ಜಂಬಗಾರು ದಾಟಿ ತಾಳಗುಪ್ಪದವರೆಗೂ ಇದೆ. ಮಳೆಗಾಲದಲ್ಲಿ ನನ್ನ ಮತ ರೈಲಿಗೆ. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿ ಸುಮಾರು 60. ನಕ್ಷೆ ತೋರಿಸುವ ಸಮಯವನ್ನು ನಂಬದೆ ಅದರ ಮೇಲೆ ಅರ್ಧದಷ್ಟು ಸೇರಿಸಿಕೊಳ್ಳಿ. ರಸ್ತೆಗೆ ಮರ ಬಿದ್ದರೆ ಊರಿನವರೇ ಗರಗಸ ತಂದು ಕತ್ತರಿಸುವವರೆಗೆ ಕಾಯಬೇಕು. ಘಟ್ಟದ ಕೆಳಗಿನಿಂದ ಆಗುಂಬೆ ಅಥವಾ ಹುಲಿಕಲ್ ಘಾಟಿ ಹತ್ತಿ ಬರುವವರು ಧರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ) ಕುಸಿತದ ಸುದ್ದಿ, ವಾಹನ ನಿರ್ಬಂಧದ ಆದೇಶ ಎರಡನ್ನೂ ಅದೇ ದಿನ ಬೆಳಿಗ್ಗೆ ವಿಚಾರಿಸಬೇಕು.

ಒಳಊರುಗಳ ಕೊನೆಯ ಬಸ್ಸು ಸಂಜೆಯೇ ಹೊರಟುಬಿಡುತ್ತದೆ. ಕಾರ್ಯಕ್ರಮ ಮುಗಿಯುವುದು ರಾತ್ರಿ. ಈ ಅಂತರಕ್ಕೆ ಉತ್ತರವಿಲ್ಲದೆ ಮನೆ ಬಿಡಬೇಡಿ. ಸಂಘಟಕರು ವಾಹನ ಬಿಡುತ್ತಾರೆಯೇ, ಹತ್ತಿರದ ಹೋಂಸ್ಟೇಯಲ್ಲಿ ಜಾಗ ಇದೆಯೇ, ಆಟೋದವರು ಅಷ್ಟು ಹೊತ್ತಿಗೆ ಬರಲು ಒಪ್ಪುತ್ತಾರೆಯೇ ಎಂದು ಕೇಳಿಟ್ಟುಕೊಳ್ಳಿ. ಆಟೋದವರ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲದೆ ಕಾಗದದ ಮೇಲೂ ಬರೆದುಕೊಳ್ಳಿ.

ಹೆಜ್ಜೆ 3: ಮೈಮೇಲೆ ಏನಿರಬೇಕು

ಜೀನ್ಸ್ ಬೇಡ. ಒಮ್ಮೆ ನೀರು ಕುಡಿದ ಜೀನ್ಸ್ ಮರುದಿನ ಮಧ್ಯಾಹ್ನಕ್ಕೂ ಒಣಗುವುದಿಲ್ಲ, ಅದರ ಭಾರಕ್ಕೆ ನಡೆಯುವುದೂ ಕಷ್ಟ. ದಪ್ಪ ಹತ್ತಿ ಬಟ್ಟೆಯದೂ ಇದೇ ಕಥೆ. ನೀರು ಹಿಡಿದಿಟ್ಟುಕೊಂಡು ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಆಟಗಾರರು ತೊಡುವಂಥ ತೆಳು ಪಾಲಿಯೆಸ್ಟರ್ ಪ್ಯಾಂಟು, ತೆಳು ಅಂಗಿ ಒಳ್ಳೆಯದು. ಮಳೆ ನಿಂತ ಅರ್ಧ ಗಂಟೆಯಲ್ಲಿ ಮೈಶಾಖಕ್ಕೇ ಮುಕ್ಕಾಲು ಪಾಲು ಆರುತ್ತವೆ. ಪಂಚೆ, ಲುಂಗಿ ಉಡುವವರು ಎತ್ತಿ ಕಟ್ಟಿದರೆ ಸಾಕು. ಕಾಲು ಒರೆಸಿಕೊಳ್ಳುವಷ್ಟು ಸುಲಭವಾಗಿ ಪ್ಯಾಂಟನ್ನು ಒರೆಸಲಾಗದು ಎಂಬ ಸತ್ಯ ಇಲ್ಲಿನ ರೈತರಿಗೆ ಮೊದಲಿನಿಂದಲೂ ಗೊತ್ತು.

ಬೆಚ್ಚಗಿರಲು ಉಣ್ಣೆ. ಹಿಂದೆ ಗದ್ದೆ ಕೆಲಸಕ್ಕೆ ಹೋಗುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕುರಿ ಉಣ್ಣೆಯ ಎಳೆಗಳು ಒದ್ದೆಯಾದರೂ ನಡುವೆ ಗಾಳಿಯನ್ನು ಉಳಿಸಿಕೊಳ್ಳುತ್ತವೆ, ಹಾಗಾಗಿ ನೆನೆದ ಕಂಬಳಿಯೂ ಒಂದಷ್ಟು ಬೆಚ್ಚಗಿಡುತ್ತದೆ. ನೀವು ಕಂಬಳಿ ಹೊದ್ದು ಬರಬೇಕಿಲ್ಲ. ತೆಳ್ಳಗಿನ ಒಂದು ಉಣ್ಣೆಯ ಸ್ವೆಟರ್ ಸಾಕು. ಅದನ್ನು ಮಳೆಯಂಗಿಯ ಒಳಗೆ ತೊಡಿ.

ಇನ್ನು ಕೊಡೆಯ ವಿಚಾರ. ದಾರಿಯಲ್ಲಿ ಹಿಡಿಯಿರಿ, ಮೈದಾನದೊಳಗೆ ಬಿಡಿಸಬೇಡಿ. ನಿಮ್ಮ ಕೊಡೆಯಿಂದ ಹಿಂದಿನ ನಾಲ್ಕು ಜನರಿಗೆ ವೇದಿಕೆ ಕಾಣುವುದಿಲ್ಲ, ಪಕ್ಕದವರ ಕುತ್ತಿಗೆಗೆ ನೀರು ಇಳಿಯುತ್ತದೆ, ಕಡ್ಡಿಯ ತುದಿ ಯಾರದೋ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಒಳಗೆ ಬಂದ ಮೇಲೆ ಇಲ್ಲಿನ ಹಿರಿಯರ ಹಾಗೆ ಬಾಗಿದ ಹಿಡಿಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ ಬೆನ್ನ ಮೇಲೆ ಇಳಿಬಿಡಿ. ಎರಡೂ ಕೈ ಖಾಲಿ, ಚಪ್ಪಾಳೆಗೂ ಚಹಾಕ್ಕೂ. ಕೂತು ಕೇಳಲು ಮೊಣಕಾಲಿನ ಕೆಳಗೆ ಬರುವ ಉದ್ದನೆಯ ಮಳೆಯಂಗಿಯೇ ಸರಿ. ಸೊಂಟದವರೆಗಿನ ಜಾಕೆಟ್ಟಿನಿಂದ ಇಳಿದ ನೀರೆಲ್ಲ ನೇರವಾಗಿ ತೊಡೆಗೆ.

ಪಾದರಕ್ಷೆಯ ಬಗ್ಗೆ ಜನ ವಾದ ಮಾಡುತ್ತಾರೆ. ಗಂಬೂಟು ಕೆಸರಿಗೆ ಒಳ್ಳೆಯದು. ಆದರೆ ಮೇಲಿನಿಂದ ನೀರು ಇಳಿದರೆ ಒಳಗೇ ನಿಲ್ಲುತ್ತದೆ, ದಿನವಿಡೀ ತೊಟ್ಟರೆ ಹಿಮ್ಮಡಿ ಉಜ್ಜುತ್ತದೆ. ಹವಾಯಿ ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತದೆ, ಜೊತೆಗೆ ಬೆನ್ನಿಗೆಲ್ಲ ರಾಡಿ ಸಿಡಿಸುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ಅಡಿಯಲ್ಲಿ ಆಳದ ಗೀರು ಇರುವ ಪ್ಲಾಸ್ಟಿಕ್ ಅಥವಾ ರಬ್ಬರ್ ಸ್ಯಾಂಡಲ್ ನನ್ನ ಆಯ್ಕೆ. ಆದರೆ ಕಾಲಿನಲ್ಲಿ ಗಾಯ ಇದ್ದವರು ಗಂಬೂಟನ್ನೇ ಹಾಕಬೇಕು. ಕಾರಣ ಕೊನೆಯ ಹೆಜ್ಜೆಯಲ್ಲಿದೆ.

ಹೆಜ್ಜೆ 4: ಚೀಲ

ಚೀಲದೊಳಗೆ ಇನ್ನೊಂದು ಚೀಲ ಇರಬೇಕು. ಹೊರಗಿನದು ಎಂಥದ್ದಾದರೂ ಆಗಲಿ, ಒಳಗೆ ಗೊಬ್ಬರದ ಚೀಲದ ಒಳಪದರದಂಥ ದಪ್ಪ ಪ್ಲಾಸ್ಟಿಕ್ ಇಟ್ಟು ಬಾಯಿ ಸುತ್ತಿ ಕಟ್ಟಿ. ಅದರಲ್ಲಿ ಒಂದು ಜೊತೆ ಪೂರ್ತಿ ಒಣ ಬಟ್ಟೆ, ಒಣ ಸಾಕ್ಸ್, ಒಂದು ಪಾಣಿಪಂಚೆ. ಈ ಗಂಟನ್ನು ಸಂಜೆಯ ಮುನ್ನ ಬಿಚ್ಚುವಂತಿಲ್ಲ. ಮಧ್ಯಾಹ್ನ ಮೂರಕ್ಕೇ ಒಣ ಬಟ್ಟೆ ತೊಟ್ಟವರು ನಾಲ್ಕಕ್ಕೆ ಅದನ್ನೂ ನೆನೆಸಿಕೊಂಡು, ಮುಖ್ಯ ಕಲಾವಿದರು ಬರುವ ಹೊತ್ತಿಗೆ ಹಲ್ಲು ಕಟಕಟಿಸುತ್ತಾ ಹೊರಡುತ್ತಾರೆ. ಕತ್ತಲಾದ ಮೇಲೆ, ಕೊನೆಯ ಎರಡು ಕಛೇರಿಗೆ ಮುನ್ನ ಬದಲಿಸಿ.

ಉಳಿದಂತೆ ಟಾರ್ಚ್, ನೀರು, ನಿತ್ಯದ ಮಾತ್ರೆ, ಒಂದು ಸಾಬೂನಿನ ತುಂಡು, ಚಿಟಿಕೆ ಉಪ್ಪು, ಕಿವಿಗೆ ಇಡಲು ಸ್ಪಂಜಿನ ಬಿರಡೆ. ಕೂರಲು ಪ್ಲಾಸ್ಟಿಕ್ ಹಾಳೆ ತರುವುದಕ್ಕಿಂತ ಯಾವುದಾದರೂ ಅಡಿಕೆ ತೋಟದವರ ಮನೆಯಲ್ಲಿ ಕೇಳಿ ಒಂದು ಅಗಲವಾದ ಅಡಿಕೆ ಹಾಳೆ ತೆಗೆದುಕೊಳ್ಳಿ. ಒದ್ದೆ ನೆಲದ ಮೇಲೆ ಜಾರುವುದಿಲ್ಲ, ಥಂಡಿ ಏರುವುದಿಲ್ಲ, ಎಸೆದರೆ ಕೊಳೆತು ಗೊಬ್ಬರವಾಗುತ್ತದೆ. ಕೇಳಿ ತೆಗೆದುಕೊಳ್ಳಿ ಎಂದದ್ದು ಬೇಕೆಂದೇ. ಮಳೆಗಾಲದಲ್ಲಿ ತೋಟಕ್ಕೆ ಅಪರಿಚಿತರು ಇಳಿಯುವುದು ಯಾರಿಗೂ ಹಿಡಿಸುವುದಿಲ್ಲ. ಕೊಳೆರೋಗಕ್ಕೆ ಹೆದರಿ ಬೋರ್ಡೊ ದ್ರಾವಣ ಹೊಡೆಯುವ, ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವ ತಲೆಬಿಸಿಯ ಕಾಲ ಅದು.

ಹೆಜ್ಜೆ 5: ಮೊಬೈಲ್ ಮತ್ತು ಹಣ

ನೆಟ್‌ವರ್ಕ್ ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಇರುವ ಒಂದು ಗೋಪುರಕ್ಕೆ ಸಾವಿರಾರು ಜನ ಮುಗಿಬಿದ್ದರೆ ಇದ್ದೂ ಇಲ್ಲದಂತೆ. ಟಿಕೆಟ್ಟಿನ ಚಿತ್ರ, ದಾರಿಯ ನಕ್ಷೆ, ಕಾರ್ಯಕ್ರಮದ ವೇಳಾಪಟ್ಟಿಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಜಿಪ್ ಇರುವ ಕವರಿನಲ್ಲಿ ಹಾಕಿಕೊಳ್ಳಿ. ಯುಪಿಐ ಕೈಕೊಟ್ಟ ಹೊತ್ತಿನಲ್ಲಿ ಚಹಾದಂಗಡಿಯ ಮುಂದೆ ಚಿಲ್ಲರೆ ಇದ್ದವನೇ ಸಾಹುಕಾರ. ಮೊಬೈಲಿಗೆ ನೀರು ಹೋದರೆ ಸ್ವಿಚ್ ಆಫ್ ಮಾಡಿ, ಒರೆಸಿ, ಗಾಳಿಯಾಡುವ ಕಡೆ ಇಡಿ. ಚಾರ್ಜಿಗೆ ಮಾತ್ರ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಹೇಳಿಕೊಳ್ಳುವ ಲಾಭವೇನೂ ಇಲ್ಲ, ಅಕ್ಕಿಯ ಧೂಳು ಒಳಗೆ ಸೇರುತ್ತದೆ.

ಹೆಜ್ಜೆ 6: ವಾಹನ ನಿಲ್ಲಿಸುವುದು

ಉತ್ಸವದ ಪಾರ್ಕಿಂಗ್ ಎಂದರೆ ಸಾಮಾನ್ಯವಾಗಿ ಒಂದು ಬ್ಯಾಣ (ದನ ಮೇಯುವ ಹುಲ್ಲುಗಾವಲು) ಅಥವಾ ಪಾಳು ಬಿದ್ದ ಗದ್ದೆ. ಬೆಳಿಗ್ಗೆ ಹುಲ್ಲು ಹಾಸಿದಂತೆ ಚಂದ ಕಾಣುವ ಜಾಗ ರಾತ್ರಿಗೆ ಹೂಟಿ ಮಾಡಿದ ಕೆಸರು. ತಗ್ಗಿನಲ್ಲಿ ನಿಲ್ಲಿಸಬೇಡಿ, ಎಷ್ಟೇ ದೂರವಾದರೂ ಏರಿನ ಜಾಗ ಹುಡುಕಿ, ಮೂತಿ ಹೊರದಾರಿಯ ಕಡೆಗಿರಲಿ. ಬೈಕಿನವರು ಅಂಗೈ ಅಗಲದ ಚಪ್ಪಟೆ ಕಲ್ಲೊಂದನ್ನು ಹುಡುಕಿ ಸ್ಟ್ಯಾಂಡಿನ ಕೆಳಗೆ ಇಡಿ. ಇಲ್ಲದಿದ್ದರೆ ಸ್ಟ್ಯಾಂಡು ನಿಧಾನಕ್ಕೆ ಮಣ್ಣಿಗೆ ಇಳಿದು ಬೈಕು ಮಲಗುತ್ತದೆ, ಒಂದು ಮಲಗಿದರೆ ಸಾಲಿಗೆ ಸಾಲೇ ಮಲಗುತ್ತದೆ.

ಕಾರಿನ ಚಕ್ರ ಹೂತರೆ ಆಕ್ಸಿಲರೇಟರ್ ತುಳಿಯಬೇಡಿ. ಚಕ್ರ ಸುತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಕೆಳಗಿಳಿದು ಚಕ್ರದ ಮುಂದಿನ ಕೆಸರನ್ನು ಕೈಯಿಂದ ಬಗೆದು, ಅಡಿಕೆ ಸೋಗೆಯೋ ಗೋಣಿಚೀಲವೋ ಸಿಕ್ಕಿದ್ದನ್ನು ಚಕ್ರಕ್ಕೆ ಒತ್ತಿ ಹಾಸಿ. ಸ್ಟೀರಿಂಗ್ ನೇರವಾಗಿಟ್ಟು ಎರಡನೆಯ ಗೇರಿನಲ್ಲಿ ಮೆಲ್ಲನೆ ಬಿಡಿ. ತಳ್ಳುವವರು ಚಕ್ರದ ನೇರ ಹಿಂದೆ ನಿಲ್ಲಬಾರದು. ನಿಂತರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 7: ಮೈದಾನದ ಮೊದಲ ಅರ್ಧ ಗಂಟೆ

ಬಂದವರೇ ವೇದಿಕೆಯ ಮುಂದೆ ಜಾಗ ಹಿಡಿಯಲು ಓಡಬೇಡಿ. ಒಂದು ಸುತ್ತು ಹಾಕಿ. ಗಟ್ಟಿ ಸೂರಿನ ಕಟ್ಟಡ ಎಲ್ಲಿದೆ (ಶಾಲೆ, ಸಮುದಾಯ ಭವನ, ಅಕ್ಕಿ ಗಿರಣಿ, ಏನಾದರೂ ಸರಿ), ಶೌಚಾಲಯ ಎಲ್ಲಿ, ಪ್ರಥಮ ಚಿಕಿತ್ಸೆಯವರು ಎಲ್ಲಿ, ಜನರೇಟರ್ ಎಲ್ಲಿ, ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಗಮನಿಸಿ. ಜೊತೆಯವರು ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಈಗಲೇ ಗೊತ್ತು ಮಾಡಿ. ಕತ್ತಲಲ್ಲೂ ಕಾಣುವ, ಸಂಜೆ ಹೊತ್ತಿಗೆ ಎತ್ತಿಕೊಂಡು ಹೋಗಲಾಗದ ಗುರುತಿರಬೇಕು. ಐಸ್‌ಕ್ರೀಮ್ ಗಾಡಿಯನ್ನು ಗುರುತಾಗಿಟ್ಟುಕೊಂಡರೆ ಮಳೆ ಬಂದ ಕೂಡಲೇ ಅದು ಮನೆಗೆ ಹೋಗಿರುತ್ತದೆ. ಕಾಲುಸಂಕ (ಹಳ್ಳಕ್ಕೆ ಅಡ್ಡ ಹಾಕಿದ ಕಾಲ್ನಡಿಗೆಯ ಸಣ್ಣ ಸೇತುವೆ) ದಾಟಿ ಬಂದಿದ್ದರೆ ಹಳ್ಳದ ನೀರು ಈಗ ಎಷ್ಟಿದೆ ಎಂದು ಒಂದು ಕಲ್ಲನ್ನೋ ಬೇರನ್ನೋ ನೋಡಿಟ್ಟುಕೊಳ್ಳಿ. ವಾಪಸು ಹೋಗುವಾಗ ಅದು ಮುಳುಗಿದ್ದರೆ ದಾಟಬೇಡಿ.

ಹೆಜ್ಜೆ 8: ಎಲ್ಲಿ ಕೂತು, ಹೇಗೆ ಕೇಳಬೇಕು

ಬಂದದ್ದು ಇದಕ್ಕೇ ಅಲ್ಲವೇ. ಬಯಲಿನಲ್ಲಿ ನಾದ ಚೆನ್ನಾಗಿ ಕೇಳುವ ಜಾಗ ವೇದಿಕೆಯ ಮುಂದಿನ ಸಾಲಲ್ಲ. ಅಲ್ಲಿ ಎಡ ಬಲದ ಧ್ವನಿವರ್ಧಕಗಳ ನಡುವಿನ ಪೊಳ್ಳಿನಲ್ಲಿ ಕೂತಿರುತ್ತೀರಿ. ಮೈದಾನದ ನಡುವೆ, ಸ್ವಲ್ಪ ಹಿಂದೆ, ಒಂದು ಚಪ್ಪರದ ಕೆಳಗೆ ಗುಂಡಿಗಳ ದೊಡ್ಡ ಹಲಗೆ ಇಟ್ಟುಕೊಂಡು ಧ್ವನಿ ನಿಯಂತ್ರಿಸುವವರು ಕೂತಿರುತ್ತಾರೆ. ಅವರು ತಮ್ಮ ಕಿವಿಗೆ ಕೇಳಿದಂತೆ ಹದ ಮಾಡುವುದರಿಂದ ಅವರ ಎದುರಿನ ಜಾಗಕ್ಕೆ ಸಿಗುವುದು ಉತ್ತಮ ನಾದ. ಹನಿ ಜೋರಾದರೆ ಚಪ್ಪರದ ಅಂಚಿಗೂ ಸರಿಯಬಹುದು. ತಗಡಿನ ಸೂರಿನ ಕೆಳಗೆ ಮಾತ್ರ ಕೂರಬೇಡಿ. ಮೈ ಒಣಗಿರುತ್ತದೆ, ಆದರೆ ಕೇಳುವುದು ಆರಿದ್ರಾ ಮಳೆಯ ತನಿ ಆವರ್ತನ (ತಾಳವಾದ್ಯದವರು ಒಂಟಿಯಾಗಿ ನುಡಿಸುವ ಭಾಗ) ಒಂದೇ.

ಗಾಳಿ ಬೀಸಿದಾಗ ತಾರಕ್ಕೆ ಏರಿದ ಸ್ವರ ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳಿಸುತ್ತದೆ. ಅದು ಧ್ವನಿಯವರ ತಪ್ಪಲ್ಲ, ತಿರುಗಿ ಅವರನ್ನು ದುರುಗುಟ್ಟಬೇಡಿ.

ವಾದ್ಯಗಳ ಕಷ್ಟವನ್ನೂ ತಿಳಿದಿರಬೇಕು. ಮೃದಂಗ, ತಬಲಾ, ಮದ್ದಳೆ, ಡೊಳ್ಳು ಎಲ್ಲದರ ಮುಖವೂ ಚರ್ಮ. ತೇವದ ಗಾಳಿಯಲ್ಲಿ ಚರ್ಮ ನೀರು ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಹಾಗಾಗಿ ಮಳೆಯ ದಿನ ಪ್ರತಿ ಕೃತಿಯ ನಡುವೆಯೂ ಮೃದಂಗದವರು ಗುಂಡುಕಲ್ಲು ಮತ್ತು ಮರದ ತುಂಡು ಹಿಡಿದು ಬಲಮುಖದ ಅಂಚಿನ ಹೆಣಿಗೆಯನ್ನು ಸುತ್ತಲೂ ಕುಟ್ಟುವುದನ್ನು ನೋಡುತ್ತೀರಿ. ಒಂದೊಂದು ಪೆಟ್ಟಿಗೂ ಬೆರಳಿನಿಂದ ಮೀಟಿ, ಕಿವಿ ಹತ್ತಿರ ತಂದು, ತಂಬೂರಿಯೊಡನೆ ಕೂಡಿತೇ ಎಂದು ನೋಡುತ್ತಾರೆ. ಮೇಲಿನಿಂದ ಕೆಳಕ್ಕೆ ಕುಟ್ಟಿದರೆ ಬಿಗಿಯಾಗಿ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಕುಟ್ಟಿದರೆ ಇಳಿಯುತ್ತದೆ. ಎಡಮುಖಕ್ಕೆ ಹಚ್ಚುವ ರವೆಯ ಕಣಕದ ಹದವೂ ಥಂಡಿಯಲ್ಲಿ ಬೇಗ ಕೈಗೆ ಸಿಗುವುದಿಲ್ಲ. ಆ ಐದು ನಿಮಿಷವನ್ನು ‘ಇನ್ನೂ ಶುರುವಾಗಲಿಲ್ಲ’ ಎಂದು ಗೊಣಗುತ್ತಾ ಕಳೆಯಬೇಡಿ. ಡೊಳ್ಳಿನವರು ಹಗ್ಗ ಬಿಗಿಯುವುದು, ತಮಟೆಯವರು ವೇದಿಕೆಯ ಹಿಂದೆ ಬೆಂಕಿ ಹಾಕಿ ವಾದ್ಯದ ಮುಖ ಕಾಯಿಸುವುದು ಇದೇ ಕಾರಣಕ್ಕೆ. ಅವಕಾಶ ಸಿಕ್ಕರೆ ಆ ಬೆಂಕಿಯ ಹತ್ತಿರ ಹೋಗಿ ನಿಲ್ಲಿ. ಕೈ ಬೆಚ್ಚಗಾಗುತ್ತದೆ, ಕಾದ ತಮಟೆಯ ಮೊದಲ ಪೆಟ್ಟು ಬೀಳುವಾಗ ಸದ್ದು ಮಂಕಿನಿಂದ ಗಡುಸಿಗೆ ತಿರುಗುವುದನ್ನೂ ಕೇಳಬಹುದು. ಘಟ ಒಂದಕ್ಕೆ ಈ ರಗಳೆಯಿಲ್ಲ, ಅದು ಸುಟ್ಟ ಮಣ್ಣು.

ಹಿಂದೂಸ್ತಾನಿ ಗಾಯಕರು ಮಳೆಗಾಲದಲ್ಲಿ ಮಲ್ಹಾರದ ಬಗೆಗಳನ್ನು ಯಾವ ಹೊತ್ತಿನಲ್ಲಾದರೂ ಹಾಡುತ್ತಾರೆ. ಮಿಯಾ ಮಲ್ಹಾರವನ್ನು ನಿಜವಾದ ಮೋಡದ ಕೆಳಗೆ ಕೇಳುವ ಯೋಗ ಇದ್ದರೆ ಚಹಾಕ್ಕೆ ಏಳಬೇಡಿ. ಕರ್ನಾಟಕ ಸಂಗೀತದವರಿಗೆ ಮಾತ್ರ ‘ಅಮೃತವರ್ಷಿಣಿ ಹಾಡಿ’ ಎಂದು ಚೀಟಿ ಕಳುಹಿಸುವುದು ಬೇಡ. ಮಳೆ ಬರಲೆಂದು ಹಾಡುವ ರಾಗ ಅದು, ಇಲ್ಲಿ ಅದರ ಅಗತ್ಯ ಯಾರಿಗೂ ಕಾಣುತ್ತಿಲ್ಲ.

ಒಂದು ಮುಖ್ಯ ಮಾತು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ವರ್ಷದಲ್ಲಿ ಕೆಲವೇ ದಿನಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ಮಳೆಯಿಂದ ಮಧ್ಯಾಹ್ನ ಒಂದು ಗಂಟೆ ಹಾಳಾದರೆ ಆ ಒಂದು ಗಂಟೆ ಕತ್ತರಿಸುವುದು ಕೊನೆಯ ಕಲಾವಿದರ ಪಾಲಿನಿಂದ. ನೀವು ಮೆಚ್ಚಿದವರು ಕೊನೆಯಲ್ಲಿದ್ದರೆ ಅವರು ನೇರವಾಗಿ ದೊಡ್ಡ ಕೃತಿಗೇ ಇಳಿಯಬಹುದು. ‘ಮೊದಲಿನದೆಲ್ಲ ಪೀಠಿಕೆ, ತಡವಾಗಿ ಹೋದರಾಯಿತು’ ಎಂಬ ಸಭಾಂಗಣದ ಚಾಳಿ ಇಲ್ಲಿ ನಡೆಯದು.

ಹೆಜ್ಜೆ 9: ಹೊಟ್ಟೆ

ಬಿಸಿಯಾಗಿರುವುದನ್ನು ತಿನ್ನಿ, ಮುಚ್ಚಿಟ್ಟದ್ದನ್ನು ತಿನ್ನಿ, ಕತ್ತರಿಸಿ ಹರಡಿದ ಹಣ್ಣಿನ ಕಡೆ ನೋಡಬೇಡಿ. ಕಡುಬು, ಅಕ್ಕಿ ರೊಟ್ಟಿ, ಪತ್ರೊಡೆ ಸಿಕ್ಕರೆ ಗೋಬಿ ಮಂಚೂರಿಯ ಸಾಲಿನಲ್ಲಿ ನಿಲ್ಲುವುದು ಶುದ್ಧ ಅವಿವೇಕ. ಮಂಡಕ್ಕಿ ಕೊಂಡರೆ ಅಲ್ಲೇ ನಿಂತು ಮುಗಿಸಿ. ಮಳೆಯ ಗಾಳಿಗೆ ಅದು ಮೆತ್ತಗಾಗಲು ಒಂದು ಹಾಡಿನ ಹೊತ್ತು ಸಾಕು. ಮನೆಯಿಂದ ತರುವುದಾದರೆ ಹುಳಿ ಅವಲಕ್ಕಿ, ಚಪಾತಿ ಸುರುಳಿ. ಥರ್ಮಾಸ್ ಫ್ಲಾಸ್ಕಿನಲ್ಲಿ ಕೊತ್ತಂಬರಿ, ಜೀರಿಗೆ, ಶುಂಠಿಯ ಕಷಾಯ ಇದ್ದರೆ ಅಕ್ಕಪಕ್ಕದವರ ಸ್ನೇಹ ತಾನಾಗಿ ಆಗುತ್ತದೆ. ಬಾಯಾರಿಕೆ ಗೊತ್ತಾಗುವುದಿಲ್ಲವೆಂದು ನೀರು ಕುಡಿಯದೆ ಇರಬೇಡಿ. ಥಂಡಿಗೆ ಮದ್ಯ ಒಳ್ಳೆಯದು ಎಂಬುದು ಬರೀ ಭ್ರಮೆ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಅಷ್ಟೇ ಬೇಗ ಹೊರಗೆ ಹೋಗುತ್ತದೆ.

ಹೆಜ್ಜೆ 10: ಉಂಬಳ

ಹೊರಗಿನಿಂದ ಬಂದವರು ಮಳೆಗಿಂತ ರಕ್ತ ಹೀರುವ ಈ ಜಿಗಣೆಗೆ ಹೆಚ್ಚು ಹೆದರುತ್ತಾರೆ. ಜನ ತುಳಿದ ಮೈದಾನದ ನಡುವೆ ಉಂಬಳ ಕಡಿಮೆ. ಬೇಲಿಯಂಚು, ತರಗೆಲೆ, ಕಾಡಿನ ಕಡೆಗಿನ ಶೌಚದ ದಾರಿ ಅದರ ಠಾವು. ಹತ್ತಿದ್ದು ಗೊತ್ತಾದರೆ ಕಿರುಚಿ ಎಳೆಯಬೇಡಿ. ಕಚ್ಚಿದ ಬಾಯಿಯ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಹಿಡಿತ ಬಿಡುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಇಲ್ಲಿನ ರೂಢಿ. ಅವನ್ನು ಕಾಲಿಗೆ ಮೊದಲೇ ಸವರಿಕೊಂಡರೆ ಹತ್ತದಂತೆ ತಡೆಯಲು ಒಳ್ಳೆಯದು. ಒದ್ದೆ ಸಾಬೂನು ಉಜ್ಜಿಕೊಂಡರೂ ಆದೀತು. ಬಿದ್ದ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ, ಏಕೆಂದರೆ ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಸಾಬೂನಿನಿಂದ ತೊಳೆದು, ಬಟ್ಟೆ ಒತ್ತಿ ಹಿಡಿದು, ಸಂಗೀತ ಕೇಳಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಪ್ರಥಮ ಚಿಕಿತ್ಸೆಯವರಿಗೆ ತೋರಿಸಿ.

ಹೆಜ್ಜೆ 11: ಸಿಡಿಲು ಮತ್ತು ವಿದ್ಯುತ್

ಇಲ್ಲಿ ತಮಾಷೆ ಇಲ್ಲ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಮೂವತ್ತರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ ಎಂದರ್ಥ, ಏಳಬೇಕು. ಮೊದಲೇ ನೋಡಿಟ್ಟ ಗಟ್ಟಿ ಕಟ್ಟಡಕ್ಕೋ ಗಾಜು ಏರಿಸಿದ ಕಾರು, ಬಸ್ಸಿನೊಳಕ್ಕೋ ಹೋಗಿ. ಕಬ್ಬಿಣದ ಕಂಬದ ಶಾಮಿಯಾನ ಆಸರೆಯಲ್ಲ. ಒಂಟಿ ಮರ ಆಸರೆಯಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ಸಂಘಟಕರು ಕಾರ್ಯಕ್ರಮ ನಿಲ್ಲಿಸದಿದ್ದರೂ ನೀವು ಏಳಿ. ನಿಲ್ಲಿಸಿದರೆ ಬೊಬ್ಬೆ ಹಾಕಬೇಡಿ, ವೇದಿಕೆಯ ಮೇಲಿನವರು ಮೈದಾನದ ಅತಿ ಎತ್ತರದ ಕಬ್ಬಿಣದ ಚೌಕಟ್ಟಿನ ಕೆಳಗೆ ವಿದ್ಯುತ್ ಹರಿಯುವ ಮೈಕು ಹಿಡಿದು ನಿಂತಿದ್ದಾರೆ.

ಒದ್ದೆ ನೆಲದಲ್ಲಿ ಹಾದುಹೋದ ತಂತಿಗಳನ್ನು ತುಳಿಯಬೇಡಿ, ದೀಪದ ಕಂಬ, ಕಬ್ಬಿಣದ ಬೇಲಿಗೆ ಒರಗಬೇಡಿ. ಮುಟ್ಟಿದಾಗ ಜುಮ್ಮೆಂದರೆ ಕೂಡಲೇ ಸ್ವಯಂಸೇವಕರಿಗೆ ಹೇಳಿ, ಅವರು ಬರುವವರೆಗೆ ಬೇರೆಯವರನ್ನು ಅಲ್ಲಿಗೆ ಬಿಡಬೇಡಿ. ಯಾರಾದರೂ ಶಾಕ್ ಹೊಡೆದು ಬಿದ್ದಿದ್ದರೆ ಮೊದಲು ಜನರೇಟರ್ ಆರಿಸಬೇಕು, ಆಮೇಲೆ ಮುಟ್ಟಬೇಕು. ಬರುವ ದಾರಿಯಲ್ಲಿ ಕರೆಂಟಿನ ತಂತಿ ಹರಿದು ಬಿದ್ದಿರುವುದು ಕಂಡರೆ 1912ಕ್ಕೆ ತಿಳಿಸಿ. ಬೇರೆ ಯಾವ ತುರ್ತಿಗೂ 112.

ಮಕ್ಕಳನ್ನು, ವಯಸ್ಸಾದವರನ್ನು ಕರೆತಂದಿದ್ದರೆ ಅರ್ಧ ದಿನ ಸಾಕು. ತುಟಿ ನೀಲಿಗಟ್ಟುವುದು, ಮಾತು ತೊದಲುವುದು, ನಡುಕ ನಿಂತು ಮಂಪರು ಬರುವುದು ಇವೆಲ್ಲ ಮೈ ಶಾಖ ಅಪಾಯದ ಮಟ್ಟಕ್ಕೆ ಇಳಿದ ಗುರುತು. ಒದ್ದೆ ಬಟ್ಟೆ ಕಳಚಿ, ಒಣ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಜ್ಜೆ 12: ಮುಗಿದ ಮೇಲೆ

ಕೊನೆಯ ಚಪ್ಪಾಳೆಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ನೀವು ಇಪ್ಪತ್ತು ನಿಮಿಷ ಕೂತೇ ಇರಿ. ಕತ್ತಲು, ಕೆಸರು, ಇಳಿಜಾರು, ಅವಸರ ನಾಲ್ಕೂ ಸೇರಿದಾಗಲೇ ಕಾಲು ಉಳುಕುವುದು. ಆ ಹೊತ್ತಿನಲ್ಲಿ ಸುತ್ತ ಬಿದ್ದಿರುವ ನಿಮ್ಮ ಲೋಟ, ಕವರು ಆರಿಸಿಕೊಳ್ಳಿ. ಬ್ಯಾಣದಲ್ಲಿ ನಾಳೆ ದನ ಮೇಯುತ್ತದೆ, ಪ್ಲಾಸ್ಟಿಕ್ ಅದರ ಹೊಟ್ಟೆಗೆ ಹೋಗುತ್ತದೆ. ದಾರಿಯಲ್ಲಿ ಮಂಜು ಕವಿದಿದ್ದರೆ ಹೆಡ್‌ಲೈಟ್ ತಗ್ಗಿಸಿ ಓಡಿಸಿ. ಎತ್ತರಿಸಿದ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಹೊಡೆಯುತ್ತದೆ. ನಿದ್ದೆ ಬಂದರೆ ನಿಲ್ಲಿಸಿ ಮಲಗಿ, ಆದರೆ ಧರೆಯ ಬುಡದಲ್ಲಿ ಬೇಡ.

ಮನೆ ಅಥವಾ ಹೋಂಸ್ಟೇ ಸೇರಿದ ಕೂಡಲೇ ಬಿಸಿನೀರು ಸ್ನಾನ. ಮಲೆನಾಡಿನ ಮನೆಯಾದರೆ ಬಚ್ಚಲ ಒಲೆಯಲ್ಲಿ ಬೆಂಕಿ ಇದ್ದೇ ಇರುತ್ತದೆ, ಒದ್ದೆ ಬಟ್ಟೆಯನ್ನು ಅಲ್ಲೇ ಹರಡಲು ಮನೆಯವರನ್ನು ಕೇಳಿಕೊಳ್ಳಿ. ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿಡಿ, ಬೆಳಿಗ್ಗೆ ಒಮ್ಮೆ ಬದಲಿಸಿ. ಬೂಟನ್ನು ಒಲೆಯ ತೀರ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕೈಗೆ ಬರುತ್ತದೆ. ಮಳೆಯಂಗಿಯನ್ನು ಮಡಚಿಡದೆ ತಂತಿಯ ಮೇಲೆ ಹಾಕಿ.

ಆಮೇಲೆ ಕಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಬೆರಳಿನ ಸಂದು ಒರೆಸಿ ಒಣಗಿಸಿ, ಗೀರು, ಗಾಯ ಇದ್ದರೆ ಸಾಬೂನಿನಿಂದ ತೊಳೆದು ಔಷಧ ಹಚ್ಚಿ. ನಿಂತ ನೀರಿನಲ್ಲಿ, ಗದ್ದೆಯ ಕೆಸರಿನಲ್ಲಿ ಇಲಿ ಜ್ವರದ ರೋಗಾಣು ಇರಬಹುದು, ಅದು ಒಳಗೆ ಸೇರುವುದು ಇಂಥ ಸಣ್ಣ ಗಾಯಗಳಿಂದಲೇ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ, ಕೆಲವೊಮ್ಮೆ ತಿಂಗಳ ಹೊತ್ತಿಗೂ, ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಳೆಯಲ್ಲಿ ನೆಂದದ್ದಕ್ಕೆ ಬಂದ ಜ್ವರ ಎಂದು ಕಷಾಯ ಕುಡಿದು ಕೂರಬೇಡಿ. ವೈದ್ಯರ ಬಳಿ ಹೋಗಿ, ಇಂಥ ದಿನ ಕೆಸರಿನಲ್ಲಿ ಓಡಾಡಿದ್ದೆ ಎಂದು ನೀವಾಗಿಯೇ ಹೇಳಿ. ಸಂಗೀತ ಕೇಳಲು ಹೋಗಿದ್ದೆ ಎಂದಷ್ಟೇ ಹೇಳಿದರೆ ಅವರಿಗೆ ಕೆಸರಿನ ಯೋಚನೆ ಬರುವುದಿಲ್ಲ.